ಡೆಂಗ್ಯೂ ಬಿಟ್ಟು ಎರಡು ತಿಂಗಳಾಯಿತು, ತಲೆ ಮಂಕು ಬಿಟ್ಟಿಲ್ಲ. ಸರಿಹೋಗುತ್ತಾ?

ಸರಿಹೋಗುತ್ತೆ. ಹೆಚ್ಚಿನವರಿಗೆ ಹೋಗುತ್ತೆ. ಆದರೆ ನೇರವಾಗಿ ಹೋಗಲ್ಲ, ಒಂದು ವಾರ ಹೋಗಿ ಇನ್ನೊಂದು ವಾರ ವಾಪಸ್ ಬಂದು ಆಟ ಆಡಿಸುತ್ತೆ. ಚಳ್ಳಕೆರೆ ಕಡೆ ಟೀಚರ್ ನೀವು, ಪುಸ್ತಕ ನೋಡದೆ ಮಕ್ಕಳ ಹೆಸರು ಬಾಯಿಗೆ ಬರುತ್ತಿಲ್ಲ, ಮನೆಯವರು 'ಸುಮ್ನೆ ತಲೆಗೆ ಹಚ್ಕೊಂಡಿದೀಯ' ಅಂತಾರೆ ಅಂತ ಬರೆದಿದ್ದೀರಿ. ಇದೇ ಮಾತು ನಾನೂ ಕೇಳಿದ್ದೇನೆ. ನಾನು ಡಾಕ್ಟರ್ ಅಲ್ಲ, ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅನುಭವಿಸಿದ್ದನ್ನು ಮತ್ತು ಡಾಕ್ಟರ್ ಹೇಳಿದ್ದನ್ನು ಬರೆಯುತ್ತೇನೆ.

ಹೋದ ವರ್ಷ ಮಳೆಗಾಲದಲ್ಲಿ ನನಗೂ ಡೆಂಗ್ಯೂ. ಆರು ದಿನಕ್ಕೆ ಜ್ವರ ಇಳಿಯಿತು, ಪ್ಲೇಟ್‌ಲೆಟ್ ಏರಿತು, ಮನೆಗೆ ಕಳಿಸಿದರು. ಮೂರನೇ ವಾರ ಬೆಣ್ಣೆದೋಸೆ ತಿನ್ನೋಣ ಅಂತ ಹೋಟೆಲಿಗೆ ಹೋದೆ. ಹುಡುಗನನ್ನು ಕರೆದು 'ಇನ್ನೊಂಚೂರು...' ಅಂದೆ. ಮುಂದಿನ ಪದ ಬರಲಿಲ್ಲ. ದೋಸೆ ಪಕ್ಕದಲ್ಲೇ ಇದೆ, ಬೆಳ್ಳಗೆ, ಮೆತ್ತಗೆ, ಆಲೂಗಡ್ಡೆಯದು ಅಂತಲೂ ಗೊತ್ತು. ಬೆರಳು ತೋರಿಸಿದೆ. 'ಪಲ್ಯನಾ ಅಣ್ಣ?' ಅಂದ. ದಾವಣಗೆರೆಯಲ್ಲಿ ಹುಟ್ಟಿದವನಿಗೆ ಪಲ್ಯ ಅನ್ನೋ ಪದ ಮರೆಯುತ್ತೆ ಅಂದರೆ! ಮೊದಲು ನಗು ಬಂತು. ಮನೆಗೆ ಬರುವಷ್ಟರಲ್ಲಿ ಭಯ ಆಗಿತ್ತು.

ಅಂಗಡಿಯಲ್ಲಿ ನಗುವ ಮಾತಿರಲಿಲ್ಲ. ತೂಕದ ಚೀಟಿಯಲ್ಲಿ 48 ಅಂತ ಓದಿ, ಪುಸ್ತಕದ ಕಡೆ ತಿರುಗುವಷ್ಟರಲ್ಲಿ 84 ಬರೆದಿದ್ದೆ. ಎದುರಿಗೆ ನಿಂತ ರೈತರೇ 'ಅಣ್ಣಾರೆ, ನಮ್ದು ಅಷ್ಟಿಲ್ರೀ' ಅಂದರು, ಪುಣ್ಯಾತ್ಮರು.

ಯಾಕೆ ಹೀಗೆ? ವೈರಸ್ ಹೋದರೂ ಅದರ ವಿರುದ್ಧ ಎದ್ದ ನಮ್ಮದೇ ದೇಹದ ರಕ್ಷಣಾ ಪಡೆ ಕೆಲವರಲ್ಲಿ ಬೇಗ ತಣ್ಣಗಾಗುವುದಿಲ್ಲ. ಆ ಉರಿಯೂತದ ಬಿಸಿ ಮಿದುಳಿಗೂ ತಾಗುತ್ತಿರಬಹುದು ಅಂತಾರೆ. ಜೊತೆಗೆ ನಿದ್ದೆ ಕೆಡುತ್ತೆ. ಕೆಲವರಿಗೆ ಎದ್ದು ನಿಂತ ಕೂಡಲೇ ಎದೆ ಡವಗುಟ್ಟಿ ತಲೆ ಹಗುರಾಗುತ್ತೆ, ಅದೂ ಇದರದ್ದೇ ಭಾಗ ಇರಬಹುದು. ನಿಮಗೆ ಹಾಗಾಗುತ್ತಿದ್ದರೆ ಮರೆಯದೆ ಡಾಕ್ಟರಿಗೆ ಹೇಳಿ. ಫ್ಲೂ, ಚಿಕುನ್‌ಗುನ್ಯಾ ಆದ ಮೇಲೂ ಇಂಥ ಸುಸ್ತು, ಮಂಕು ಇರುತ್ತೆ. ಕೋವಿಡ್ ಬಂದ ಮೇಲೆ ಇದಕ್ಕೆ ಬೆಲೆ ಬಂತು ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಕಾಯಿಲೆ ಅಂದರೆ ಏನು ಅಂತ ವಿವರಿಸಿದಾಗ, ಸುಸ್ತು ಮತ್ತು ಉಸಿರಾಟದ ತೊಂದರೆ ಜೊತೆಗೆ ಯೋಚನೆ, ನೆನಪಿನ ತೊಂದರೆಯನ್ನೂ ಹೆಸರಿಸಿತು. ಮನೆಯವರಿಗೆ ಇದನ್ನೇ ತೋರಿಸಿ.

ಆದರೆ ಎಲ್ಲಾ ತಪ್ಪನ್ನೂ ಡೆಂಗ್ಯೂ ತಲೆಗೆ ಕಟ್ಟಬೇಡಿ. ಮೊದಲು ತೋರಿಸಿದವರು 'ಎಲ್ಲಾ ನಾರ್ಮಲ್, ಟೆನ್ಶನ್ ಬೇಡ' ಅಂತ ಎರಡು ನಿಮಿಷದಲ್ಲಿ ಕಳಿಸಿದ್ದರು. ಎರಡನೆಯವರು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12, ವಿಟಮಿನ್ ಡಿ ಮಾಡಿಸಿದರು. ನನ್ನ ಬಿ12 148 ಇತ್ತು, 200ಕ್ಕಿಂತ ಕೆಳಗೆ ಅಂದರೆ ಕಮ್ಮಿ. ನಾವು ಮೊಟ್ಟೆ ಮಾಂಸ ತಿನ್ನಲ್ಲ, ಮೇಲಿಂದ ನಾನು ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಗ್ಯಾಸ್ ಮಾತ್ರೆ ನುಂಗುತ್ತಿದ್ದೆ. ಆ ಮಾತ್ರೆ ಬಹಳ ದಿನ ತಗೊಂಡರೆ ಬಿ12 ಸರಿಯಾಗಿ ಮೈಗೆ ಹತ್ತಲ್ಲವಂತೆ. ಶುಗರಿನ ಮೆಟ್‌ಫಾರ್ಮಿನ್ ಕೂಡ ಹಾಗೇ. ಇಂಜೆಕ್ಷನ್ ತಗೊಂಡೆ. ಅರ್ಧ ಮಂಕು ಹೋಯಿತು.

ಉಳಿದರ್ಧಕ್ಕೆ ಕಾರಣ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಲೆಕ್ಕದವನ ಬುದ್ಧಿ ನೋಡಿ, ದಿನಾ ಎರಡು ಸಾಲು ಬರೆದೆ: ಇವತ್ತು ಏನು ಮಾಡಿದೆ, ತಲೆ ಹತ್ತಕ್ಕೆ ಎಷ್ಟು ಓಡಿತು. ಒಂದು ತಿಂಗಳಾದ ಮೇಲೆ ತಿರುವಿದರೆ ಮಂಗಳವಾರಗಳೇ ಹಾಳು. ಎರಡು, ಮೂರು, ಎರಡು, ಎರಡು. ಸೋಮವಾರ ಪರವಾಗಿಲ್ಲ, ಮಂಗಳವಾರ ಯಾಕೆ? ಶನಿದೇವರನ್ನೂ ಅನುಮಾನಿಸಿದೆ! ಆಮೇಲೆ ಹೊಳೆಯಿತು. ಭಾನುವಾರ ಬೆಳಿಗ್ಗೆ 'ಸುಸ್ತು ಓಡಿಸ್ತೀನಿ' ಅಂತ ಕುಂದುವಾಡ ಕೆರೆ ಏರಿ ಮೇಲೆ ಬಿರುಸಾಗಿ ನಡೆಯುತ್ತಿದ್ದೆ. ನಡೆದ ದಿನ ಹುರುಪು. ಸುಸ್ತು ಮಾತ್ರ ಎರಡು ದಿನ ಬಿಟ್ಟು ವಸೂಲಿಗೆ ಬರುತ್ತಿತ್ತು. ಹೀಗೆ ತಡವಾಗಿ ಸುಸ್ತಾಗಿ ಬೀಳುವುದೇ ಈ ಕಾಯಿಲೆಯ ಗುಣ ಅಂತ ಡಾಕ್ಟರ್ ಹೇಳಿದಾಗ ನೋಟ್‌ಬುಕ್ ತೋರಿಸಿದೆ, ಅವರೂ ನಕ್ಕರು.

ಅವತ್ತಿಂದ ನಡಿಗೆ ದಿನಾ ಹತ್ತೇ ನಿಮಿಷ. ಒಂದು ವಾರ ಬೀಳದಿದ್ದರೆ ಐದು ನಿಮಿಷ ಜಾಸ್ತಿ, ಬಿದ್ದರೆ ಹಿಂದಕ್ಕೆ. ಅರ್ಧ ಗಂಟೆ ಲೆಕ್ಕ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು. ಮೊಬೈಲ್ ನೋಡಿದರೆ ಅದು ರೆಸ್ಟ್ ಅಲ್ಲ. ನೀವು ಕಷ್ಟದ ಪಾಠವನ್ನು ಮೊದಲ ಪೀರಿಯಡ್ಡಿಗೆ ಹಾಕಿಸಿಕೊಳ್ಳಿ. ಮಕ್ಕಳ ಹೆಸರನ್ನು ಬೆಂಚಿನ ಸಾಲಿನಂತೆ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಡಿ, ಅದರಲ್ಲಿ ನಾಚಿಕೆ ಏನಿಲ್ಲ. ಮೆಮೊರಿ ಟಾನಿಕ್‌ಗೆ ದುಡ್ಡು ಹಾಕಬೇಡಿ, ಇದಕ್ಕೆ ಅಂತಲೇ ಸಾಬೀತಾದ ಔಷಧಿ ಇನ್ನೂ ಇಲ್ಲ. ನಮ್ಮತ್ತೆ ಒಂದೆಲಗದ ಚಟ್ನಿ ಮಾಡಿ ಕಳಿಸುತ್ತಿದ್ದರು. ರೊಟ್ಟಿಗೆ ಚೆನ್ನಾಗಿತ್ತು.

ಒಂದು ಮಾತ್ರ ಕಾಯಬೇಡಿ: ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ, ಫಿಟ್ಸ್ ಬಂದರೆ, ಜ್ವರದ ಜೊತೆ ಗೊಂದಲ ಅಥವಾ ಕತ್ತು ಬಿಗಿತ ಆದರೆ ಅದು ಮಂಕಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ. ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸಿದರೂ ಅಷ್ಟೇ, ಅದನ್ನು ಮುಚ್ಚಿಡಬೇಡಿ.

ನನಗೆ ಏಳು ತಿಂಗಳು ಹಿಡಿಯಿತು. ಈಗಲೂ ಸಂಜೆ ಆರರ ಮೇಲೆ ಬಂದ ಚೀಟಿಗಳನ್ನು ಬೆಳಿಗ್ಗೆಗೇ ಇಟ್ಟುಬಿಡುತ್ತೇನೆ. ಸಾಹುಕಾರರು ಮೊದಮೊದಲು ಗೊಣಗಿದರು, ಈಗ ಅವರೇ ರಬ್ಬರ್ ಬ್ಯಾಂಡ್ ಹಾಕಿ ತೆಗೆದಿಡುತ್ತಾರೆ.