ವಿಜಯನಗರ ಆಮೇಲೆ, ಮೊದಲು ಚೌಕಾಬಾರ

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಗೇಮ್ ಮಾಡುವ ಕ್ಲಬ್ ಶುರು ಮಾಡಿದೆವು. ಮೊದಲ ದಿನ 18 ಜನ ಬಂದಿದ್ದರು. ವಿಜಯನಗರದ ಮೇಲೆ ದೊಡ್ಡ ತ್ರೀಡಿ ಗೇಮ್ ಮಾಡುವ ಆಸೆ. ಈಗ ಉಳಿದವರು ನಾಲ್ಕೇ ಜನ. ಐಡಿಯಾ ಎಲ್ಲರ ಹತ್ತಿರವೂ ಇದೆ, ಕೋಡ್ ಬರೆಯುವವನು ನಾನೊಬ್ಬನೇ. ಕ್ಲಬ್ ಮುಚ್ಚಿಬಿಡಲಾ?
– ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ: ಮುಚ್ಚಬೇಡಿ. ನಾಲ್ಕು ಜನ ಕಡಿಮೆಯೇನಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆಟಿಕೆ ರೈಲು ಕಟ್ಟುವ ವಿದ್ಯಾರ್ಥಿಗಳ ಕ್ಲಬ್ಬೊಂದಿತ್ತು. 1961ರಲ್ಲಿ ಅಲ್ಲಿಗೆ ಪಿಡಿಪಿ-1 ಎಂಬ ಕಂಪ್ಯೂಟರ್ ಬಂತು. ಆ ಬಳಗದ ಸ್ಟೀವ್ ರಸಲ್, ಎರಡು ರಾಕೆಟ್‌ಗಳು ಕಾದಾಡುವ ಆಟ ಮಾಡುತ್ತೇನೆ ಅಂದ. ಅಂದವನು ಸುಮ್ನೆ ಕೂತುಬಿಟ್ಟ. ಕೇಳಿದರೆ ಸೈನ್-ಕೊಸೈನ್ ಲೆಕ್ಕದ ಪ್ರೋಗ್ರಾಂ ಇಲ್ಲ ಅಂತ ನೆಪ. ಗೆಳೆಯ ಅಲನ್ ಕೋಟಕ್ ಕಂಪ್ಯೂಟರ್ ಮಾಡಿದ ಕಂಪನಿಗೇ ಹೋಗಿ, ಆ ಪ್ರೋಗ್ರಾಮಿನ ಕಾಗದದ ಟೇಪ್ ತಂದು ಮುಂದಿಟ್ಟ. ಇನ್ನೇನು ಹೇಳುತ್ತಾನೆ? 1962ರಲ್ಲಿ 'ಸ್ಪೇಸ್‌ವಾರ್' ಓಡಿತು.

ಮಜಾ ಇರುವುದು ಆಮೇಲೆ. ರಾಕೆಟ್‌ಗಳ ಹಿಂದೆ ನಕ್ಷತ್ರಗಳಂತೆ ಕಾಣುವ ಚುಕ್ಕಿಗಳು ಎಲ್ಲೆಂದರಲ್ಲಿ ಇದ್ದವು. ಪೀಟರ್ ಸ್ಯಾಮ್ಸನ್‌ಗೆ ಅದು ಸರಿಬರಲಿಲ್ಲ, ಆಕಾಶದಲ್ಲಿರುವ ನಕ್ಷತ್ರಗಳನ್ನೇ ತಂದು ಕೂರಿಸಿದ. ಡ್ಯಾನ್ ಎಡ್ವರ್ಡ್ಸ್ ಪರದೆಯ ನಡುವಿನ ಸೂರ್ಯನಿಗೆ ರಾಕೆಟ್‌ಗಳನ್ನು ಎಳೆಯುವ ಸೆಳೆತ ಕೊಟ್ಟ. ಕಂಪ್ಯೂಟರಿನ ಸ್ವಿಚ್ ಒತ್ತಿ ಒತ್ತಿ ಮೊಣಕೈ ನೋಯತೊಡಗಿತು. ಕೋಟಕ್ ಮತ್ತು ಬಾಬ್ ಸಾಂಡರ್ಸ್ ರೈಲು ಕ್ಲಬ್ಬಿನ ಸಾಮಾನು ಹುಡುಕಿ, ಕೈಯಲ್ಲಿ ಹಿಡಿದು ಆಡುವ ಪೆಟ್ಟಿಗೆ ಮಾಡಿದರು.

ಯಾರೂ ಯಾರಿಗೂ ಕೆಲಸ ಹಂಚಿರಲಿಲ್ಲ. ಎದುರಿಗೆ ಒಂದು ಆಟ ಓಡುತ್ತಿತ್ತು, ಅದರಲ್ಲಿ ಕೊರತೆ ಕಾಣುತ್ತಿತ್ತು, ಕಂಡವನು ಕೈ ಹಾಕುತ್ತಿದ್ದ. ನಿಮ್ಮ 14 ಜನ ಸೋಮಾರಿಗಳಾಗಿ ಹೋಗಲಿಲ್ಲ. ಅವರಿಗೆ ಆಡೋಕೂ ಏನೂ ಇರಲಿಲ್ಲ, ಬೈಯೋಕೂ ಏನೂ ಇರಲಿಲ್ಲ, ಅಲ್ವಾ?

ಹಂಪಿ ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ಚೌಕಾಬಾರ ಮಾಡಿ. 25 ಮನೆ, ನಾಲ್ಕು ಕವಡೆ, ಅಷ್ಟೇ. ಮೊದಲ ಶನಿವಾರ ಕಂಪ್ಯೂಟರ್ ಆನ್ ಮಾಡಲೇಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡಿ. ಹತ್ತು ನಿಮಿಷದಲ್ಲಿ ಜಗಳ ಶುರುವಾಗುತ್ತದೆ, ಬರೆದುಕೊಡುತ್ತೇನೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದಾ? ಚೌಕ ಬಿದ್ದರೆ ಇನ್ನೊಮ್ಮೆ ಹಾಕಬಹುದಾ? ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ನಿಯಮ. ಆ ಜಗಳವನ್ನೆಲ್ಲ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕೋಡ್ ಬಾರದಿದ್ದರೂ ಅವರೇ ನಿಮ್ಮ ಡಿಸೈನರ್. ಇನ್ನೊಬ್ಬರು ಕವಡೆ ಬೀಳುವ ಸದ್ದನ್ನು ಫೋನಿನಲ್ಲಿ ಹಿಡಿಯಲಿ. ಅದೂ ಕೆಲಸವೇ, ಮತ್ತು ಸಿಮೆಂಟ್ ನೆಲದ ಸದ್ದು ಬೇರೆ, ಮರದ ಹಲಗೆಯ ಸದ್ದು ಬೇರೆ.

ಕೋಡಿಗೆ ಗೋಡೊ ಎಂಜಿನ್ ಎಂಬ ಗೇಮ್ ಮಾಡುವ ಸಾಫ್ಟ್‌ವೇರ್ ಸಾಕು. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಟುಡಿ ಆಟಕ್ಕೆ ನಡೆಯುತ್ತದೆ. ಯಾರು ಯಾವಾಗ ಏನು ಬದಲಿಸಿದರು ಅಂತ ಲೆಕ್ಕ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಬಳಸುವುದನ್ನು ಎಲ್ಲರೂ ಕಲಿಯಿರಿ. ಪೆನ್‌ಡ್ರೈವಿನಲ್ಲಿ 'ಫೈನಲ್', 'ಫೈನಲ್ 2', 'ಇದೇ ಫೈನಲ್' ಅಂತ ಓಡಾಡಿಸಿದರೆ ಸ್ನೇಹ ಉಳಿಯುವುದಿಲ್ಲ. ಈ ಪತ್ರಿಕೆಯ ಪುಟ ಕಟ್ಟುವಾಗ ನಮಗೂ ಅದು ಆಗಿದೆ.

ಪ್ರತಿ ವಾರ ಎಷ್ಟೇ ಅರ್ಧಂಬರ್ಧ ಇದ್ದರೂ ಕ್ಯಾಂಟೀನಿನಲ್ಲಿ ಯಾರ ಕೈಗಾದರೂ ಕೊಟ್ಟು ಆಡಿಸಿ. ಹೇಗೆ ಆಡಬೇಕು ಅಂತ ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೆ ನೋಡಿ. ಬಿಟ್ಟು ಹೋದ ಒಬ್ಬಿಬ್ಬರು ಅಲ್ಲೇ ಸಿಗಬಹುದು.

ಮುಗಿದ ಮೇಲೆ ನಮಗೊಂದು ಪ್ರತಿ ಕಳಿಸಿ. ಊಟದ ಹೊತ್ತಿನಲ್ಲಿ ಆಫೀಸಿನವರೆಲ್ಲ ಆಡುತ್ತೇವೆ. ಸೋತರೆ ನಿಯಮವೇ ಸರಿಯಿಲ್ಲ ಅಂತ ನಾನೇ ಪತ್ರ ಬರೆಯುತ್ತೇನೆ.