ಮಗಳಿಗೆ ಹದಿನೆಂಟು ತುಂಬುವ ಮೊದಲು

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಇದೆ. ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತಾಳೆ, ಸ್ನಾನ ಮಾಡಿಸುವುದು, ಜಡೆ ಹಾಕುವುದು ಮಾತ್ರ ನಾನು. ಹತ್ತನೆಯ ವಯಸ್ಸಿನಲ್ಲಿ ಮಾಡಿಸಿದ ಅಂಗವಿಕಲ ಪ್ರಮಾಣಪತ್ರದಲ್ಲಿ ಶೇ 50 ಎಂದಿದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಎರಡು ಎಕರೆ ಹೊಲ ನನ್ನ ಮತ್ತು ಮಗಳ ಹೆಸರಿಗೆ ಜಂಟಿಯಾಗಿದೆ. ಹದಿನೆಂಟು ತುಂಬಿದ ಮೇಲೆ ಅವಳ ಪರವಾಗಿ ನಾನು ಸಹಿ ಮಾಡುವಂತಿಲ್ಲ ಎಂದು ಬ್ಯಾಂಕಿನಲ್ಲಿ ಹೇಳಿದರು. ಮಾಸಾಶನವೂ ನಿಂತುಹೋಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?
– ಒಬ್ಬ ತಾಯಿ, ಹಾನಗಲ್ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಕಾಗದದ ಮೂರನೆಯ ಸಾಲಿಗೆ ಬಂದಾಗ ಮುಂದೆ ಓದಲಾಗದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ‘ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತಾಳೆ’ ಎಂದವರೇ, ಸ್ನಾನ ಮಾಡಿಸುವುದು ನಾನು ಎಂದೂ ಬರೆದಿದ್ದೀರಿ. ಹದಿನೇಳರ ಹುಡುಗಿಗೆ ಸ್ನಾನ ಮಾಡಿಸುವುದು ‘ಮಾತ್ರ’ ಎನ್ನುವಂಥ ಕೆಲಸವಲ್ಲ.

ನಾನೂ ಹೀಗೆಯೇ ಹೇಳಿದವಳು. ನನ್ನ ಮಗನಿಗೆ ಡೌನ್ ಸಿಂಡ್ರೋಮ್. ಈಗ ಅವನಿಗೆ 27. ಹತ್ತು ವರ್ಷದವನಿದ್ದಾಗ ಪ್ರಮಾಣಪತ್ರಕ್ಕೆಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಮನಶ್ಶಾಸ್ತ್ರಜ್ಞೆ ಒಂದೊಂದೇ ಕೇಳುತ್ತ ಹೋದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆಯೇ? ‘ಹಾಕಿಕೊಳ್ಳುತ್ತಾನೆ’ ಎಂದೆ. ದಿನವೂ ನಡೆಯುತ್ತಿದ್ದುದೇ ಬೇರೆ. ಗುಂಡಿಯನ್ನು ಕಾಜದೊಳಗೆ ಅರ್ಧ ತೂರಿಸಿ ನಾನು ಹಿಡಿದಿರುತ್ತಿದ್ದೆ, ಅವನು ಆಚೆಯಿಂದ ಎಳೆದುಕೊಂಡು ನಗುತ್ತಿದ್ದ. ಆ ನಗು ನೋಡಿ ನೋಡಿ, ಗುಂಡಿ ಹಾಕಿಕೊಳ್ಳುವವನು ಅವನೇ ಎಂದು ನಾನೂ ನಂಬಿಬಿಟ್ಟಿದ್ದೆ. ಅಂಗಡಿಗೆ ಹೋಗುತ್ತಾನೆಯೇ ಎಂದರು. ಹೋಗುತ್ತಾನೆ ಎಂದೆ. ಬಾಗಿಲಲ್ಲಿ ನಿಂತು ಅವನು ತಿರುಗಿ ಬರುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದೆನೆಂದು ಹೇಳಲಿಲ್ಲ. ಪತ್ರದಲ್ಲಿ ಶೇ 50 ಎಂದು ಬಂತು. ಹದಿನೆಂಟಕ್ಕೆ ಮತ್ತೆ ಹೋದಾಗ ಇದ್ದುದನ್ನು ಇದ್ದಂತೆ ಹೇಳಿದೆ, ಶೇ 75 ಆಯಿತು. ಮಗ ಮೊದಲಿದ್ದಂತೆಯೇ ಇದ್ದ, ನಾನು ಹೇಳಿದ್ದು ಮಾತ್ರ ಬೇರೆಯಾಗಿತ್ತು.

ಬುದ್ಧಿಶಕ್ತಿಯ ಪರೀಕ್ಷೆಯ ಜೊತೆಗೆ ಅಲ್ಲಿ ವೈನ್‌ಲ್ಯಾಂಡ್ ಎಂಬ ಸಾಮಾಜಿಕ ಪ್ರೌಢಿಮೆಯ ಅಳತೆಯನ್ನೂ ಬಳಸುತ್ತಾರೆ. ನಮ್ಮ ದೇಶಕ್ಕೆ ಹೊಂದಿಸಿದ ರೂಪದಲ್ಲಿ 89 ಅಂಶಗಳಿವೆ, ಮತ್ತು ಅವುಗಳಿಗೆ ಹೆಚ್ಚಾಗಿ ಉತ್ತರ ಕೊಡುವವರು ಮನೆಯವರೇ. ಬೌದ್ಧಿಕ ವಿಕಲತೆ, ಅಂದರೆ ಬುದ್ಧಿಮಾಂದ್ಯತೆ, ಅಲ್ಪವಾದರೆ ಶೇ 50, ಮಧ್ಯಮವಾದರೆ 75, ತೀವ್ರವಾದರೆ 90 ಎಂದು ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ 75 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾಸಾಶನದ ಮೊತ್ತವೇ ಹೆಚ್ಚು. ಆದ್ದರಿಂದ ಆಸ್ಪತ್ರೆಗೆ ಹೋಗುವ ಮುನ್ನ ಒಂದು ವಾರ ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗಿನಿಂದ ನಿಮ್ಮ ಕೈ ಎಲ್ಲೆಲ್ಲಿ ತಾಗಿತು, ಎಷ್ಟು ಸಲ ಹೇಳಬೇಕಾಯಿತು, ಮುಟ್ಟಿನ ದಿನಗಳಲ್ಲಿ ಏನೇನು ಮಾಡಿದಿರಿ, ಒಬ್ಬಳೇ ಬಿಟ್ಟು ಹೊಲಕ್ಕೆ ಹೋಗಬಲ್ಲಿರಾ, ಎಲ್ಲವನ್ನೂ ಬರೆಯಿರಿ. ಹೆಚ್ಚು ಮಾಡಿ ಹೇಳುವುದು ಬೇಡ, ಅದು ತಪ್ಪು. ಕಡಿಮೆ ಮಾಡಿ ಹೇಳಿದರೂ ಅವಳಿಗೇ ಅನ್ಯಾಯ. ಮಗಳ ಎದುರಿಗೆ ಹೇಳಲು ಮನಸ್ಸು ಒಪ್ಪದಿದ್ದರೆ ಆ ಪುಟಗಳನ್ನು ಅವರ ಕೈಗೆ ಕೊಡಿ. ನಾನು ಹಾಗೆಯೇ ಮಾಡಿದೆ.

ಪತ್ರವನ್ನು ಹೊಸದಾಗಿ ಮಾಡಿಸಲೇಬೇಕು. ಬೌದ್ಧಿಕ ವಿಕಲತೆಯ ಪ್ರಮಾಣಪತ್ರವನ್ನು 5, 10 ಮತ್ತು 18ನೆಯ ವಯಸ್ಸಿನಲ್ಲಿ ನವೀಕರಿಸಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಹದಿನೆಂಟರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಹಾಗಾಗಿ ಈ ಸಲದ ಭೇಟಿಯೇ ದೊಡ್ಡದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಇದೇ ದಾರಿ: ಸ್ವಾವಲಂಬನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ; ವಿ.ಆರ್.ಡಬ್ಲ್ಯು. ಎಂದರೆ ಪಂಚಾಯಿತಿಯಲ್ಲಿ ಗೊತ್ತಾಗುತ್ತದೆ. ಅದಕ್ಕೂ ಮೊದಲು ಆಧಾರ್ ನೋಡಿಕೊಳ್ಳಿ. ಹದಿನೈದು ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಮತ್ತೊಮ್ಮೆ ಕೊಟ್ಟಿರಬೇಕು. ಪತ್ರದಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಈಗಲೇ ಸರಿಪಡಿಸಿ. ನನ್ನ ಮಗನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದುದಕ್ಕೆ ನಾಲ್ಕು ತಿಂಗಳು ಅಲೆದಿದ್ದೇನೆ.

ವಯಸ್ಸು ಹದಿನೆಂಟಾಯಿತೆಂದು ಮಾಸಾಶನ ನಿಲ್ಲುವುದಿಲ್ಲ. ಆದರೆ ಪರಿಶೀಲನೆಗೆ ಬಂದಾಗ ಅವಧಿ ಮುಗಿದ ಪತ್ರ ಕೈಯಲ್ಲಿದ್ದರೆ ತೊಡಕಾಗುತ್ತದೆ. ಹೊಸ ಪತ್ರ ಬಂದ ಕೂಡಲೇ ಅದರ ಪ್ರತಿಯನ್ನು ನಾಡಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ. ಮಗು ವಯಸ್ಕಳಾದ ಮೇಲೆ ತಾಯಿ ತಾನಾಗಿಯೇ ಪೋಷಕಿಯಾಗಿ ಉಳಿಯುವುದಿಲ್ಲ. ಅದಕ್ಕೆಂದೇ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆ ಇರುವವರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಹುಟ್ಟುಹಬ್ಬ ಆದ ಕೂಡಲೇ ಅರ್ಜಿ ಹಾಕಿ. ಹಾವೇರಿಯಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಗೆ ಹೋಗಿ ಕೇಳಿದರೆ ದಾರಿ ತೋರಿಸುತ್ತಾರೆ. ಪೋಷಕಿಯಾಗಿ ನೇಮಕವಾದ ಆರು ತಿಂಗಳೊಳಗೆ ಮಗಳ ಆಸ್ತಿಯ ಪಟ್ಟಿಯನ್ನು, ಆಮೇಲೆ ವರ್ಷವರ್ಷವೂ ಲೆಕ್ಕವನ್ನು ಒಪ್ಪಿಸಬೇಕು. ಪಹಣಿ ಮತ್ತು ಪಾಸ್‌ಬುಕ್‌ಗಳನ್ನು ಒಂದೇ ಚೀಲದಲ್ಲಿಡಿ. ಅಲ್ಲಿಯವರೆಗೆ ಯಾರೇ ಬಂದು, ಅವರು ಎಷ್ಟೇ ಹತ್ತಿರದ ಸಂಬಂಧಿಯಾಗಿರಲಿ, ಹೊಲದ ಕಾಗದಕ್ಕೆ ಮಗಳ ಹೆಬ್ಬೆಟ್ಟು ಕೇಳಿದರೆ ಒತ್ತಿಸಬೇಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಅದೇ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಗೂ ಸೇರಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಸೇರುತ್ತದೆ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯಿಲ್ಲ. ಖರ್ಚು ಮಾಡಿದ ಮೇಲೆ ಹಣ ಬರುವುದರಿಂದ ಔಷಧಿ ಅಂಗಡಿಯ ಚೀಟಿಯನ್ನೂ ಬಿಸಾಡಬೇಡಿ.

ತಪಾಸಣೆಗೆ ಯಾವ ವಾರ ಬರಬೇಕೆಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡಿ. ಸರದಿ ಉದ್ದವಿರುತ್ತದೆ, ಸದ್ದುಗದ್ದಲವೂ ಇರುತ್ತದೆ. ಮಗಳಿಗೆ ಇಷ್ಟದ ತಿಂಡಿ ಡಬ್ಬಿಯಲ್ಲಿರಲಿ. ಅವಳ ಜಡೆಯನ್ನು ಎಂದಿನಂತೆ ನೀವೇ ಹಾಕಿ, ಒಳಗೆ ಕೇಳಿದಾಗ ‘ನಾನೇ ಹಾಕಿದ್ದು’ ಎನ್ನಿ.