ಲೈನ್ ಮನೆ ಮಕ್ಕಳ ಮಾತು ಸಭೆಗೆ ಬರಲಿ

ಪ್ರಶ್ನೆ: ಅಕ್ಕಾ, ನಾನು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದ ಕೆಲಸಕ್ಕೆ ಹೋಗುತ್ತೇನೆ. ತೋಟದ ಕೂಲಿಯವರು ಇರುವ ಸಾಲು ಮನೆಗಳಲ್ಲಿ, ಅಂದರೆ ನಮ್ಮ ಲೈನ್ ಮನೆಗಳಲ್ಲಿ, ಪುಟ್ಟ ಮಕ್ಕಳು ತುಂಬಾ ಇದ್ದಾರೆ. ಅಂಗನವಾಡಿ ದೂರ, ದಾರಿಯಲ್ಲಿ ಆನೆ ಭಯ. ಕೊಯ್ಲಿನ ಕಾಲದಲ್ಲಂತೂ ನಾವು ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಎಲ್ಲ ಬೆಂಗಳೂರಿನಲ್ಲೇ ತೀರ್ಮಾನ ಆಗುತ್ತದೆ. ನಮ್ಮ ಮಾತು ಯಾರು ಕೇಳುತ್ತಾರೆ?
– ಹೆಸರು ಬೇಡ ಎಂದ ಓದುಗರು

ಉತ್ತರ: ತಂಗೀ, ಕೇಳಲೇಬೇಕಾದ ಒಂದು ಜಾಗ ಇದೆ. ನಿಮ್ಮ ವಾರ್ಡ್ ಸಭೆ. ಅಲ್ಲಿ ಎದ್ದ ಬೇಡಿಕೆ ಗ್ರಾಮಸಭೆಗೆ ಹೋಗುತ್ತದೆ, ಅಲ್ಲಿಂದ ಪಂಚಾಯಿತಿಯ ಯೋಜನೆಗೆ. ಆದರೆ ಸಭೆ ಕರೆಯುವುದು ಹೆಚ್ಚಾಗಿ ಕೆಲಸದ ದಿನ, ಬೆಳಿಗ್ಗೆ ಹೊತ್ತಿಗೆ. ಆಗ ನೀವು ತೋಟದಲ್ಲಿರುತ್ತೀರಿ, ಅಲ್ವಾ? ಅಂಗನವಾಡಿ ಮೇಲ್ವಿಚಾರಕಿಯಾಗಿ ನಾನು ಕೂತ ಸಭೆಗಳಲ್ಲಿ ರಸ್ತೆ, ಚರಂಡಿ, ಬೀದಿ ದೀಪದ ಮಾತೇ ಜಾಸ್ತಿ. ಮಕ್ಕಳ ಮಾತು ಎತ್ತಬೇಕಾದ ತಾಯಂದಿರಿಗೆ ಒಂದು ದಿನದ ಕೂಲಿ ಬಿಟ್ಟು ಬರಲು ಆಗುತ್ತಿರಲಿಲ್ಲ. ಅದು ನನಗೆ ಈಗಲೂ ಸಂಕಟ. ಹಾಗಾಗಿ ಮೊದಲು ಕೇಳಬೇಕಾದದ್ದು ಸಭೆಯ ಹೊತ್ತನ್ನೇ. ತೋಟಕ್ಕೆ ರಜೆ ಇರುವ ದಿನ ಇಡಿ, ಕೊಯ್ಲು ಬಿರುಸಾಗುವ ಮೊದಲೇ ಇಡಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದುಕೊಡಿ. ಹತ್ತಾರು ಹೆಂಗಸರ ಸಹಿ, ಹೆಬ್ಬೆಟ್ಟು ಇರಲಿ.

ಇನ್ನು ಅಂಗನವಾಡಿ. 6 ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಕಡೆ, ಜನ ಕೇಳಿದ 3 ತಿಂಗಳೊಳಗೆ ಕೊಡಬೇಕು ಎಂದು 2006ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಣ್ಣ ತೋಟದ ಒಂದು ಲೈನಿನಲ್ಲಿ ಅಷ್ಟು ಮಕ್ಕಳು ಸಿಗುವುದು ಕಷ್ಟ. ಅಕ್ಕಪಕ್ಕದ ಲೈನ್, ಹತ್ತಿರದ ಆದಿವಾಸಿ ಹಾಡಿ ಎಲ್ಲ ಸೇರಿಸಿ ಪಟ್ಟಿ ಮಾಡಿ. ಅಸ್ಸಾಮಿನಿಂದ ಬಂದವರ ಮಕ್ಕಳನ್ನು ಖಂಡಿತ ಬಿಡಬೇಡಿ. ಅಪ್ಪ ಅಮ್ಮನ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರು ಗ್ರಾಮಸಭೆಯ ಸದಸ್ಯರಾಗುವುದಿಲ್ಲ, ನಿಜ. ಆದರೆ ಮಗುವಿನ ಮೊಟ್ಟೆ, ಊಟಕ್ಕೆ ಮತದ ಲೆಕ್ಕ ಇಲ್ಲ. ಅವರ ಪರವಾಗಿ ನೀವೇ ಮಾತಾಡಬೇಕು. ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆಯ ಸರ್ವೆ ಪುಸ್ತಕದ ಜೊತೆ ತಾಳೆ ನೋಡಿ. ಅವರೂ ನಿಮ್ಮ ಜೊತೆ ನಿಲ್ಲುತ್ತಾರೆ.

40 ಆಗಲಿಲ್ಲವೇ? ಕೂಸಿನ ಮನೆ ಕೇಳಿ. ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ಅದು. 2023-24ರ ರಾಜ್ಯ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಅದನ್ನು ಘೋಷಿಸಿದ್ದರು. ನಿಮ್ಮ ಪಂಚಾಯಿತಿಗೆ ಬಂದಿದೆಯಾ, ಬಂದಿದ್ದರೆ ಎಲ್ಲಿ ನಡೆಯುತ್ತಿದೆ, ಸಭೆಯಲ್ಲೇ ಕೇಳಿ. ಪಂಚಾಯಿತಿ ಕಚೇರಿ ಪಕ್ಕದಲ್ಲಿದ್ದರೆ ಲೈನ್ ಮನೆಯ ಕೂಸಿಗೆ ಅದು ಇದ್ದೂ ಇಲ್ಲದ ಹಾಗೆ.

ಆನೆ ದಾರಿಯ ವಿಷಯ ಮಕ್ಕಳ ಬಾಯಲ್ಲೇ ಬರಲಿ. ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ನಡೆಯುತ್ತದೆ. ತಮ್ಮ ತಂಗಿಯನ್ನು ಅಂಗನವಾಡಿಗೆ ಬಿಟ್ಟು ಶಾಲೆಗೆ ಹೋಗುವ ದೊಡ್ಡ ಮಕ್ಕಳೇ ಎದ್ದು ಹೇಳಲಿ. ಯಾವ ತಿರುವಿನಲ್ಲಿ ಆನೆ ದಾಟುತ್ತದೆ ಎಂದು ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಅಂಗನವಾಡಿಯ ಹೊತ್ತು ಬದಲಿಸುವುದು ಮಾತ್ರ ಪಂಚಾಯಿತಿ ಕೈಯಲ್ಲಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆವರೆಗೆ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು, ಅವರಿಗೆ ಸಂಬಳವೂ ಬೇಕು ಎಂದು ಠರಾವು ಮಾಡಿಸಿ, ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿ ಸಿಡಿಪಿಒಗೆ ಕಳಿಸಿ. ಈಗಿರುವ ಕಾರ್ಯಕರ್ತೆಯ ತಲೆ ಮೇಲೆ ಅದನ್ನೂ ಹೊರಿಸುವುದು ಬೇಡ. ಠರಾವು ನಡಾವಳಿ ಪುಸ್ತಕಕ್ಕೆ ಏರುವ ತನಕ ಸಭೆಯಿಂದ ಏಳಬೇಡಿ. ಅದರ ನಕಲು ಪಡೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಅದನ್ನು ತೋರಿಸಿ, ಏನಾಯಿತು ಎಂದು ಕೇಳಿ.